ನಿಮ್ಮದೇ ಕ್ಯೂಬ್ ಕಟ್ಟುವುದು ಹೇಗೆ?

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡಿನ ಆಟ ಆಡುವವರಲ್ಲಿ ಎರಡು ಬಗೆ. ಮನೆಯಲ್ಲೇ ಡೆಕ್ (ಆಡುವ ಕಾರ್ಡುಗಳ ಕಟ್ಟು) ಜೋಡಿಸಿಕೊಂಡು ಬರುವವರು ಒಂದು ಬಗೆ. ಮೇಜಿನ ಮುಂದೆ ಕೂತ ಮೇಲೆಯೇ ಡೆಕ್ ಹುಟ್ಟಬೇಕು ಅನ್ನುವವರು ಇನ್ನೊಂದು. ಎರಡನೆಯವರ ಆಟಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಎಂಟು ಮಂದಿ ಸುತ್ತ ಕೂರುತ್ತಾರೆ, ಪ್ರತಿಯೊಬ್ಬರ ಕೈಗೂ 15 ಕಾರ್ಡಿನ ಪ್ಯಾಕ್. ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಎಡಗಡೆಯವರಿಗೆ ದಾಟಿಸಬೇಕು, ಪ್ಯಾಕ್ ಮುಗಿಯುವವರೆಗೂ ಹೀಗೇ. ಎರಡನೇ ಪ್ಯಾಕ್ ಬಲಕ್ಕೆ, ಮೂರನೆಯದು ಮತ್ತೆ ಎಡಕ್ಕೆ. ಕೊನೆಗೆ ತಲಾ 45 ಕಾರ್ಡು. ಅದರಲ್ಲಿ 23ರ ಆಸುಪಾಸು ಆರಿಸಿ, 17 ಲ್ಯಾಂಡ್ (ಉಳಿದ ಕಾರ್ಡು ಆಡಲು ಬೇಕಾದ ಮನಾ ಎಂಬ ಶಕ್ತಿ ಕೊಡುವ ಕಾರ್ಡು) ಕೂಡಿಸಿದರೆ 40 ಕಾರ್ಡಿನ ಡೆಕ್ ಸಿದ್ಧ.

ಪ್ರತಿ ಸಲ ಹೊಸ ಪ್ಯಾಕ್ ಕೊಳ್ಳುತ್ತ ಹೋದರೆ ಎಂಟು ಜನಕ್ಕೆ 24 ಪ್ಯಾಕ್ ಬೇಕು, ಜೇಬು ತಡೆಯುವುದಿಲ್ಲ. ಅದಕ್ಕೆ ಆಟಗಾರರೇ ಕಂಡುಕೊಂಡ ಉಪಾಯ ಕ್ಯೂಬ್. ಕಾರ್ಡುಗಳ ಒಂದು ಗೊತ್ತಾದ ರಾಶಿ ಮಾಡಿಟ್ಟುಕೊಂಡು, ಕಲೆಸಿ, ಪ್ಯಾಕ್‌ಗಳಾಗಿ ಹಂಚಿ, ಆಡಿ, ಮತ್ತೆ ಪೆಟ್ಟಿಗೆಗೆ ಹಾಕುವುದು. ಕಾರ್ಡು ಯಾರ ಪಾಲಾಗುವುದೂ ಇಲ್ಲ. ರಾಶಿಯಲ್ಲಿ ಏನಿರಬೇಕೆಂದು ತೀರ್ಮಾನಿಸುವವರು ನೀವು. ಕಷ್ಟವೂ ಅಲ್ಲೇ ಇದೆ.

ಹೊಸದಾಗಿ ಕ್ಯೂಬ್ ಕಟ್ಟುವವರು ಸಾಮಾನ್ಯವಾಗಿ ಜೋರು ಕಾರ್ಡುಗಳನ್ನೆಲ್ಲ ಬಾಚಿ ತುಂಬುತ್ತಾರೆ. ಬಾಳೆಲೆಯ ತುಂಬ ಹೋಳಿಗೆಯನ್ನೇ ಬಡಿಸಿದ ಹಾಗಾಗುತ್ತದೆ, ಅನ್ನ ಸಾರು ಎಲ್ಲಿ? ಕಾರ್ಡು ಎಷ್ಟು ಬಲವಾದದ್ದು ಎನ್ನುವುದಕ್ಕಿಂತ, ಈ ರಾಶಿಯಲ್ಲಿ ಅದಕ್ಕೆ ಜೊತೆ ಯಾರು ಎಂದು ಕೇಳುವುದೇ ಕ್ಯೂಬ್ ಕಟ್ಟುವವರ ಕೆಲಸ.

ಎಷ್ಟು ಕಾರ್ಡು?

ಎಂಟು ಜನ, ತಲಾ 45 ಅಂದರೆ 360. ಮೊದಲ ಕ್ಯೂಬಿಗೆ ಇದೇ ಸರಿ. ನಿಮ್ಮ ಬಳಗ ನಾಲ್ಕೇ ಜನರದ್ದಾದರೆ 180 ಸಾಕು. 540 ಇಟ್ಟರೆ ಪ್ರತಿ ಆಟದಲ್ಲೂ ಮೂರನೇ ಒಂದು ಭಾಗ ಪೆಟ್ಟಿಗೆಯಲ್ಲೇ ಉಳಿಯುವುದರಿಂದ ವೈವಿಧ್ಯ ಹೆಚ್ಚು ಅನ್ನುವುದು ನಿಜ. ಆದರೆ ಒಂದು ಲೆಕ್ಕ ನೋಡಿ. 360ರ ಕ್ಯೂಬಿನಲ್ಲಿ 24 ಪ್ಯಾಕ್. ಒಂದೇ ಕೆಲಸ ಮಾಡುವ ಕಾರ್ಡು 24 ಇದ್ದರೆ ಸರಾಸರಿ ಪ್ಯಾಕಿಗೊಂದು ಸಿಗುತ್ತದೆ. 540ರಲ್ಲಿ ಅಷ್ಟೇ ಸಿಗಬೇಕಾದರೆ 36 ಹಾಕಬೇಕು. ರಾಶಿ ದೊಡ್ಡದಾದಷ್ಟೂ ಪ್ರತಿ ತಂತ್ರಕ್ಕೂ ಹೆಚ್ಚು ಕಾರ್ಡು ಹೊಂದಿಸಬೇಕು. ಅನುಭವ ಬಂದ ಮೇಲೆ ದೊಡ್ಡದು ಮಾಡಿದರಾಯಿತು.

ಬೇಲಿ ಹಾಕಿಕೊಳ್ಳಿ

ಮ್ಯಾಜಿಕ್ ಹೊರಬಂದದ್ದು 1993ರಲ್ಲಿ. ಅಲ್ಲಿಂದೀಚೆಗೆ ಸಾವಿರಾರು ಕಾರ್ಡು ಬಂದಿವೆ, ಮಿತಿ ಇಲ್ಲದೆ ಆರಿಸಲು ಹೊರಟರೆ ಮುಗಿಯುವುದಿಲ್ಲ. ಬರೀ ಕಾಮನ್ (ಧಾರಾಳವಾಗಿ ಸಿಗುವ) ಕಾರ್ಡುಗಳಿದ್ದರೆ ಅದು ಪಾಪರ್ ಕ್ಯೂಬ್, ಅನ್‌ಕಾಮನ್ (ಸ್ವಲ್ಪ ಅಪರೂಪದವು) ಕೂಡ ಸೇರಿದರೆ ಪೆಸೆಂಟ್ ಕ್ಯೂಬ್. ಬ್ಲ್ಯಾಕ್ ಲೋಟಸ್‌ನಂಥ ದುಬಾರಿ ಹಳೇ ಕಾರ್ಡುಗಳಿರುವ ಕ್ಯೂಬ್ ಕೂಡ ಉಂಟು, ಅದನ್ನು ಆಡುವುದು ಒಂದು ಮಜಾ, ಕಟ್ಟುವುದು ಇನ್ನೊಬ್ಬರ ತಲೆನೋವು. ನನ್ನ ಸಲಹೆ ಪೆಸೆಂಟ್. ಪ್ರತಿ ಕಾರ್ಡೂ ಒಂದೇ ಪ್ರತಿ ಎನ್ನುವುದು ರೂಢಿ, ಕಾಯಿದೆಯಲ್ಲ.

ಬಣ್ಣಗಳ ಹಂಚಿಕೆ

ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಎಂದು ಐದು ಬಣ್ಣ. ತಲಾ 50ರಂತೆ 250. ಎರಡು ಬಣ್ಣದ ಜೋಡಿಗಳು ಹತ್ತು, ಜೋಡಿಗೆ ಮೂರರಂತೆ 30. ಬಣ್ಣವಿಲ್ಲದವು 40, ಲ್ಯಾಂಡ್ 40. ಒಟ್ಟು 360.

ಜೋಡಿಬಣ್ಣದ ಕಾರ್ಡುಗಳು ನೋಡಲು ಚೆಂದ, ಹೆಚ್ಚು ಹಾಕುವ ಆಸೆಯಾಗುತ್ತದೆ. ಆದರೆ ಎಂಟು ಜನರಲ್ಲಿ ಅದು ಬೇಕಾಗುವುದು ಒಬ್ಬರಿಗೋ ಇಬ್ಬರಿಗೋ. ಉಳಿದವರಿಗೆ ಅದು ಪ್ಯಾಕಿನಲ್ಲೊಂದು ಖಾಲಿ ಜಾಗ. ಲ್ಯಾಂಡ್ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಜೋಡಿಗೆ ನಾಲ್ಕು ಬರುವ ಹಾಗೆ ನೋಡಿಕೊಳ್ಳಿ. 2014ರ ಖಾನ್ಸ್ ಆಫ್ ತಾರ್ಕಿರ್ ಸೆಟ್‌ನಲ್ಲಿ ಹತ್ತೂ ಜೋಡಿಗೆ ಎರಡೂ ಬಣ್ಣದ ಮನಾ ಕೊಡುವ ಒಂದೊಂದು ಕಾಮನ್ ಲ್ಯಾಂಡ್ ಇದೆ. ಟ್ಯಾಪ್ ಆಗಿ (ಆ ಸರದಿಗೆ ಬಳಸಲಾಗದಂತೆ ಅಡ್ಡ ತಿರುಗಿ) ಬರುತ್ತವೆ, ಬಂದಾಗ ಒಂದು ಲೈಫ್ (ಜೀವದ ಅಂಕ) ಕೊಡುತ್ತವೆ. ಒಂದೊಂದನ್ನು ಎರಡೆರಡು ಪ್ರತಿ ಹಾಕಿ, ರೂಢಿ ಮುರಿಯಲು ಇದಕ್ಕಿಂತ ಒಳ್ಳೆಯ ಕಾರಣವಿಲ್ಲ.

ದಾರಿಗಳು ಕೂಡಬೇಕು

ಹತ್ತು ಜೋಡಿಗೂ ಒಂದೊಂದು ತಂತ್ರ ಗೊತ್ತುಮಾಡಿ. ಬಿಳಿ-ನೀಲಿಗೆ ಹಾರುವ ಕ್ರೀಚರ್‌ಗಳು (ನಿಮ್ಮ ಪರ ಹೋರಾಡುವ ಜೀವಿಗಳು), ಕೆಂಪು-ಬಿಳಿಗೆ ಬಿರುಸಿನ ದಾಳಿ, ಕಪ್ಪು-ಹಸಿರಿಗೆ ಗ್ರೇವ್‌ಯಾರ್ಡ್ (ಸತ್ತ, ಬಳಸಿ ಮುಗಿದ ಕಾರ್ಡುಗಳ ರಾಶಿ), ಹೀಗೆ. ಇಲ್ಲಿಯವರೆಗೆ ಯಾರು ಬೇಕಾದರೂ ಬರುತ್ತಾರೆ. ಹತ್ತು ತಂತ್ರಕ್ಕೂ ಬೇರೆ ಬೇರೆ ಕಾರ್ಡು ತುಂಬಿದರೆ ಮಾತ್ರ ಡ್ರಾಫ್ಟ್ ಸತ್ತಂತೆಯೇ. ಮೊದಲ ಕಾರ್ಡು ತೆಗೆದವರಿಗೆ ಉಳಿದ 44 ಯಾವುವೆಂದು ಆಗಲೇ ಗೊತ್ತಾಗಿರುತ್ತದೆ, ಯೋಚಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಯಂಗ್ ಪೈರೋಮ್ಯಾನ್ಸರ್ ಎಂಬ ಕೆಂಪು ಕಾರ್ಡನ್ನು ನೋಡಿ. ಬೆಲೆ ಎರಡು ಮನಾ. ನೀವು ಇನ್‌ಸ್ಟಂಟ್ ಅಥವಾ ಸಾರ್ಸರಿ (ಒಮ್ಮೆ ಕೆಲಸ ಮಾಡಿ ಮುಗಿಯುವ ಮಂತ್ರದ ಕಾರ್ಡು) ಆಡಿದಾಗಲೆಲ್ಲ ಒಂದು ಪುಟ್ಟ ಎಲಿಮೆಂಟಲ್ ಟೋಕನ್ (ಡೆಕ್‌ನಿಂದ ಬಾರದ, ಆಟದಲ್ಲೇ ಹುಟ್ಟುವ ಕ್ರೀಚರ್) ಹುಟ್ಟುತ್ತದೆ. ನೀಲಿ-ಕೆಂಪಿನ ಸ್ಪೆಲ್ ಡೆಕ್‌ಗೆ ಇದು ಬೇಕೇ ಬೇಕು. ಆದರೆ ಆ ಟೋಕನ್‌ಗಳನ್ನು ಬಲಿ ಕೊಟ್ಟು ಲಾಭ ಮಾಡಿಕೊಳ್ಳುವ ಕಪ್ಪು-ಕೆಂಪಿನವರಿಗೂ ಬೇಕು, ಟೋಕನ್‌ಗಳಿಗೆಲ್ಲ ಒಟ್ಟಿಗೆ ಬಲ ತುಂಬುವ ಕೆಂಪು-ಬಿಳಿಯವರಿಗೂ ಬೇಕು. ಮೂವರ ಕಣ್ಣು ಒಂದೇ ಕಾರ್ಡಿನ ಮೇಲೆ. ಇನ್ನು ಕಪ್ಪಿನ ಬ್ಲಡ್ ಆರ್ಟಿಸ್ಟ್. ಯಾವುದೇ ಕ್ರೀಚರ್ ಸತ್ತರೂ ಎದುರಾಳಿಯ ಒಂದು ಲೈಫ್ ಕಳೆದು ನಿಮಗೆ ಒಂದು ಸಿಗುತ್ತದೆ. ಬಲಿಯ ಡೆಕ್‌ಗೂ ಸೈ, ಲೈಫ್ ಗಳಿಸಿ ಬೆಳೆಯುವ ಕಪ್ಪು-ಬಿಳಿಗೂ ಸೈ. ಪೈರೋಮ್ಯಾನ್ಸರ್ ಮೊದಲು ತೆಗೆದವರು ಆಮೇಲೆ ಬ್ಲಡ್ ಆರ್ಟಿಸ್ಟ್ ಕಂಡು ಕಪ್ಪಿನ ಕಡೆ ತಿರುಗಬಹುದು. ಆ ತಿರುವಿಗಾಗಿಯೇ ಜನ ಡ್ರಾಫ್ಟ್ ಆಡುವುದು.

ಇದಕ್ಕೆ ವಿರುದ್ಧವಾದವೂ ಇವೆ. 2016ರ ಕಲದೇಶ್ ಸೆಟ್‌ನ ಎನರ್ಜಿ ಕಾರ್ಡುಗಳು ಒಂದಕ್ಕೊಂದು ಮಾತ್ರ ಮಾತಾಡುತ್ತವೆ. ಹತ್ತಾರು ಒಟ್ಟಿಗಿದ್ದರೆ ಸೊಗಸು, ಮೂರು ನಾಲ್ಕು ಹಾಕಿದರೆ ದಂಡ. ಆದ್ದರಿಂದ ಪ್ರತಿ ಕಾರ್ಡನ್ನೂ ಕೈಯಲ್ಲಿ ಹಿಡಿದು ‘ಇದು ಎಷ್ಟು ಡೆಕ್‌ಗೆ ಬೇಕು?’ ಎಂದು ಕೇಳಿ. ಎರಡಕ್ಕಿಂತ ಕಡಿಮೆಯಾದರೆ ಹೊರಗಿಡಿ, ಎಷ್ಟೇ ಇಷ್ಟವಿದ್ದರೂ.

ಮನಾ ಬೆಲೆಯ ಏರಿಳಿತ

ಬಿಳಿ ಮತ್ತು ಕೆಂಪಿನಲ್ಲಿ ಒಂದು ಮನಾದ ಕ್ರೀಚರ್ ಏಳೆಂಟಾದರೂ ಇರಲಿ. ಎಲೀಟ್ ವ್ಯಾನ್‌ಗಾರ್ಡ್ ಅಂಥದ್ದು: ಒಂದು ಮನಾಕ್ಕೆ 2/1 (ಹೊಡೆತ ಎರಡು, ತಾಳಿಕೆ ಒಂದು), ಬೇರೆ ಯಾವ ವಿದ್ಯೆಯೂ ಗೊತ್ತಿಲ್ಲ. ಕಾಗದದ ಮೇಲೆ ಸಪ್ಪೆ. ಇಂಥವಿಲ್ಲದಿದ್ದರೆ ದಾಳಿಯ ಡೆಕ್ ನಿಲ್ಲುವುದಿಲ್ಲ. ದಾಳಿಯ ಭಯವಿಲ್ಲದಿದ್ದರೆ ಎಲ್ಲರೂ ಆರೇಳು ಮನಾದ ದೈತ್ಯರನ್ನೇ ತುಂಬಿಕೊಂಡು ಕೂರುತ್ತಾರೆ. ಆರು ಮನಾ ಮೇಲ್ಪಟ್ಟವು ಬಣ್ಣಕ್ಕೆ ಎರಡು ಮೂರು ಸಾಕು. ಲಾನೋವರ್ ಎಲ್ವ್ಸ್‌ನಂಥ ಮನಾ ಕೊಡುವ ಕ್ರೀಚರ್‌ಗಳಿರುವ ಹಸಿರಿಗೆ ಒಂದೆರಡು ಹೆಚ್ಚು ಕೊಡಬಹುದು.

ಕ್ರೀಚರ್ ಕೊಲ್ಲುವ ಕಾರ್ಡುಗಳನ್ನೂ ಇದರ ಜೊತೆಗೇ ತೂಗಬೇಕು. ಲೈಟ್ನಿಂಗ್ ಬೋಲ್ಟ್ ಒಂದೇ ಮನಾಕ್ಕೆ ಮೂರು ಡ್ಯಾಮೇಜ್ ಮಾಡುತ್ತದೆ. ಅದು ಇರುವ ಕ್ಯೂಬಿನಲ್ಲಿ ಐದು ಮನಾ ತೆತ್ತು ಇಳಿಸಿದ ಸಾದಾ ಕ್ರೀಚರ್ ಸತ್ತರೆ ಆಟಗಾರ ಹೈರಾಣ. ಮಲ್‌ಡ್ರಿಫ್ಟರ್‌ನದು ಆ ಕಥೆಯಲ್ಲ. ಐದು ಮನಾದ್ದೇ ಆದರೂ ಬಂದ ಕೂಡಲೇ ಎರಡು ಕಾರ್ಡು ಕೊಡುತ್ತದೆ, ಆಮೇಲೆ ಸತ್ತರೂ ಚಿಂತೆಯಿಲ್ಲ. ಕೊಲ್ಲುವ ಕಾರ್ಡು ಅಗ್ಗವಾಗಿದ್ದರೆ ದುಬಾರಿ ಕ್ರೀಚರ್‌ಗಳು ಇಂಥವೇ ಆಗಿರಲಿ.

ಕೈಗೆ ಬರುವ ಹಾಗೆ ಮಾಡುವುದು

ಎಲ್ಲಕ್ಕೂ ಒಂದೇ ಬಣ್ಣದ ಸ್ಲೀವ್ (ಕಾರ್ಡಿನ ಪ್ಲಾಸ್ಟಿಕ್ ಹೊದಿಕೆ) ಹಾಕಿ, ಹರಿದದ್ದನ್ನು ಕೂಡಲೇ ಬದಲಿಸಿ. ಸಿಗದ ಕಾರ್ಡಿಗೆ ಕಾಗದದಲ್ಲಿ ಬರೆದು ಸ್ಲೀವಿನೊಳಗೆ ತೂರಿಸಿದರೂ ಮನೆ ಆಟಕ್ಕೆ ನಡೆಯುತ್ತದೆ. ಅಧಿಕೃತ ಟೂರ್ನಮೆಂಟಿಗೆ ಅದನ್ನು ಒಯ್ಯುವಂತಿಲ್ಲ, ಮಾರುವುದಂತೂ ಕೂಡದು. ಪ್ಲೇನ್ಸ್, ಐಲ್ಯಾಂಡ್ ಮುಂತಾದ ಸಾದಾ ಲ್ಯಾಂಡ್ 360ರ ಲೆಕ್ಕಕ್ಕೆ ಬರುವುದಿಲ್ಲ. ಬಣ್ಣಕ್ಕೆ ಇಪ್ಪತ್ತರಂತೆ ಬೇರೆ ಇಟ್ಟುಕೊಳ್ಳಿ.

ಆಡಿ, ನೋಡಿ, ತೆಗೆಯಿರಿ

ಎಂಟು ಜನ ಕೂತಾಗ ನೀವು ತೆರೆದ ಪ್ಯಾಕ್ ಒಂಬತ್ತನೇ ಸರದಿಗೆ ನಿಮ್ಮ ಕೈಗೇ ವಾಪಸ್ ಬರುತ್ತದೆ. ಆಗ ಅದರಲ್ಲಿ ಉಳಿದಿರುವ ಏಳು ಕಾರ್ಡನ್ನು ಗಮನಿಸಿ, ಎಂಟೂ ಜನ ಒಮ್ಮೆ ಬೇಡವೆಂದವು ಅವು. ಮೂರು ನಾಲ್ಕು ಆಟದಲ್ಲಿ ಅದೇ ಕಾರ್ಡು ಅಲ್ಲೇ ಕಂಡರೆ ತೆಗೆದುಬಿಡಿ. ಗೆದ್ದವರಿಗಿಂತ ಸೋತವರನ್ನು ಮಾತಾಡಿಸಿ. ‘ಲ್ಯಾಂಡ್ ಬರಲಿಲ್ಲ’ ಎನ್ನುವ ಗೋಳನ್ನು ಅರ್ಧ ನಂಬಿದರೆ ಸಾಕು. ‘ನನ್ನ ತಂತ್ರಕ್ಕೆ ಕಾರ್ಡೇ ಸಿಗಲಿಲ್ಲ’ ಎಂದರೆ ಮಾತ್ರ ಬರೆದಿಟ್ಟುಕೊಳ್ಳಿ. ಒಂದು ಆಟ ನೋಡಿ ಹತ್ತು ಕಾರ್ಡು ಬದಲಿಸುವ ಆತುರ ಬೇಡ. ಒಂದು ಒಳಗೆ ಬಂದರೆ ಒಂದು ಹೊರಗೆ, ಆದಷ್ಟೂ ಅದೇ ಬಣ್ಣ, ಅದೇ ಮನಾ ಬೆಲೆಯದ್ದು.

ಇಬ್ಬರೇ ಇರುವ ದಿನ

ಎಂಟು ಜನ ಸೇರುವುದು ವರ್ಷಕ್ಕೆ ಕೆಲವೇ ಸಲ. ಇಬ್ಬರಿಗಾದರೆ ವಿನ್‌ಸ್ಟನ್ ಡ್ರಾಫ್ಟ್ ಇದೆ. ಕ್ಯೂಬಿನಿಂದ 90 ಕಾರ್ಡು ಕಲೆಸಿ ಬೋರಲಾಗಿಡಿ. ಮೇಲಿನ ಮೂರನ್ನು ಮೂರು ಗುಡ್ಡೆಯಾಗಿಸಿ. ಸರದಿ ಬಂದವರು ಮೊದಲ ಗುಡ್ಡೆ ನೋಡಿ, ಬೇಕಾದರೆ ಪೂರ್ತಿ ತೆಗೆದುಕೊಂಡು ಆ ಜಾಗಕ್ಕೆ ಹೊಸದೊಂದು ಕಾರ್ಡು ಇಡುತ್ತಾರೆ. ಬೇಡವಾದರೆ ಅದರ ಮೇಲೆ ಇನ್ನೊಂದು ಹಾಕಿ ಮುಂದಿನ ಗುಡ್ಡೆಗೆ ಹೋಗುತ್ತಾರೆ. ಮೂರೂ ಬೇಡವೆಂದರೆ ಕಟ್ಟಿನ ಮೇಲಿನ ಕಾರ್ಡು ಏನೇ ಇರಲಿ, ಅದೇ ಗತಿ. ಗುಡ್ಡೆ ಬೆಳೆದಷ್ಟೂ ಆಸೆ ಬೆಳೆಯುತ್ತದೆ, ಎದುರಿನವರು ಮೊದಲು ಎತ್ತಿಕೊಂಡಾರು ಎಂಬ ದಿಗಿಲೂ ಬೆಳೆಯುತ್ತದೆ.