ಹುಣ್ಣಿಮೆ ಕಳೆದ ಮೂರನೇ ದಿನ: ಮಕ್ಕಳೊಂದಿಗೆ ಕುಮಟಾದಿಂದ ಗೋಕರ್ಣಕ್ಕೆ ನಡೆದೆವು

ಎಂಟು ವರ್ಷದ ಮಗಳು, ಹನ್ನೊಂದರ ಮಗ, ಅರವತ್ತೊಂಬತ್ತರ ಅತ್ತೆ. ಇವರನ್ನೆಲ್ಲ ಕರೆದುಕೊಂಡು ಮಲ್ಪೆಯ ದ್ವೀಪ ನೋಡಿ, ಕುಮಟಾ–ಗೋಕರ್ಣ ಕಡಲದಾರಿ ನಡೆದು ಬರ್ತೀನಿ ಅಂದಾಗ ನಮ್ಮ ಚಾರಣದ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. ದಿನ ಗೊತ್ತುಮಾಡಿದ್ದು ಪಂಚಾಂಗ ನೋಡಿ ಅಂತ ಗೊತ್ತಾದ ಮೇಲಂತೂ ಮೈದುನ, "ಅತ್ತಿಗೆ, ಇದೇನು ಮದುವೆ ಮುಹೂರ್ತವಾ?" ಅಂದುಬಿಟ್ಟ. 2025ರ ಸಂಕ್ರಾಂತಿಯ ವಾರದಲ್ಲಿ ಅದು ಆಯ್ತು. ಮೂರು ಬೆಳಗಿನಲ್ಲಿ ಹತ್ತಿರಹತ್ತಿರ 25 ಕಿಲೋಮೀಟರ್, ಯಾರ ಕಾಲಲ್ಲೂ ಒಂದು ಬೊಬ್ಬೆ ಇಲ್ಲ.

ಮೊದಲು ಸೋತದ್ದನ್ನು ಹೇಳ್ತೀನಿ, ದುಡ್ಡು ಹೋಗಿದ್ದೂ ಕಲಿತದ್ದೂ ಅಲ್ಲೇ.

2022ರ ಡಿಸೆಂಬರಿನಲ್ಲಿ ಡ್ರೈವರ್ ಸಮೇತ ಕಾರು ಮಾಡಿಕೊಂಡು ಹೋದೆವು. ನಾಲ್ಕು ದಿನಕ್ಕೆ ಬರೀ ಕಾರಿಗೇ ಇಪ್ಪತ್ತು ಸಾವಿರದ ಮೇಲೆ. ಹೊಟ್ಟೆತುಂಬ ತಿಂಡಿ ತಿಂದು ಕುಮಟಾದ ವನ್ನಳ್ಳಿ ದಡದಿಂದ ಹೊರಟಾಗ ಒಂಬತ್ತೂವರೆ. ನೀರು ಮೇಲಕ್ಕೇರುತ್ತಿತ್ತು. ಗಟ್ಟಿ ಮರಳೆಲ್ಲ ಅಲೆಯ ಅಡಿಗೆ ಹೋಗಿ, ನಮಗೆ ಉಳಿದದ್ದು ಮೇಲಿನ ಒಣ ಮರಳು. ಹೆಜ್ಜೆ ಇಟ್ಟಲ್ಲೆಲ್ಲ ಕಾಲು ಹೂತು ಹಿಂದಕ್ಕೆ ಜಾರುತ್ತಿತ್ತು. ಬಾಡದ ಹತ್ತಿರ ಬರುವಷ್ಟರಲ್ಲಿ ಮಗಳು ಯಜಮಾನರ ಹೆಗಲ ಮೇಲೆ, ಮಗನ ಹಿಮ್ಮಡಿಯಲ್ಲಿ ರಕ್ತ. ಆಟೋ ಹಿಡಿದು ವಾಪಸ್ ಬಂದೆವು. ಗೋಕರ್ಣದ ರೂಮಿಗೆ ಕೊಟ್ಟಿದ್ದ ನಾಲ್ಕೂವರೆ ಸಾವಿರ ಮುಂಗಡವೂ ಹೋಯ್ತು.

ಎರಡನೇ ಸಲ 2024ರ ರಾಮನವಮಿ ರಜೆಯಲ್ಲಿ. ಹೋದ ಸಲ ತಡವಾಗಿ ಹೊರಟದ್ದೇ ತಪ್ಪು ಅಂದುಕೊಂಡು ಈ ಸಲ ಬೆಳಿಗ್ಗೆ ಆರಕ್ಕೇ ದಡದಲ್ಲಿ ನಿಂತೆವು. ಆಗಲೂ ನೀರು ಇಳಿದಿರಲಿಲ್ಲ! ಏಳೂವರೆಗೆಲ್ಲ ಸೆಕೆ ತಡೆಯಲಾಗದೆ ಕೂತುಬಿಟ್ಟಾಗ ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ಹೇಳಿದರು: "ಅಕ್ಕಾ, ಅಷ್ಟಮಿ ನವಮಿ ಹೊತ್ತಿಗೆ ಬಂದ್ರೆ ಹೀಗೇ. ಹುಣ್ಣಿಮೆನೋ ಅಮಾಸೆನೋ ಕಳೆದು ಎರಡು-ಮೂರು ದಿನಕ್ಕೆ ಬನ್ನಿ. ಬೆಳಗಾಗುವಾಗ ನೀರು ಕೆಳಗಿರ್ತದೆ."

ನನ್ನ ಇಡೀ ವಿಧಾನ ಆ ಒಂದು ಮಾತು. ಮನೆಗೆ ಬಂದು ಆರು ತಿಂಗಳು ಕಾರವಾರದ ಉಬ್ಬರ-ಇಳಿತದ ಪಟ್ಟಿಯನ್ನೂ ಅತ್ತೆಯ ಪಂಚಾಂಗವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹುಣ್ಣಿಮೆ, ಅಮಾವಾಸ್ಯೆಯಂದು ನಮ್ಮ ಕರಾವಳಿಯಲ್ಲಿ ಬೆಳಗಿನ ಇಳಿತ ಹೆಚ್ಚುಕಡಿಮೆ ಐದರ ಆಸುಪಾಸು. ಅಲ್ಲಿಂದ ದಿನಕ್ಕೆ ಮುಕ್ಕಾಲು ಗಂಟೆಯಂತೆ ಮುಂದಕ್ಕೆ ಹೋಗುತ್ತದೆ. ತದಿಗೆ, ಚೌತಿ, ಪಂಚಮಿಗೆ ಸೂರ್ಯೋದಯದ ಹೊತ್ತಿಗೋ ಅದಾಗಿ ಸ್ವಲ್ಪ ಹೊತ್ತಿಗೋ ಬರುತ್ತದೆ. ಜನವರಿಯಲ್ಲಿ ಅಲ್ಲಿ ಬೆಳಗಾಗುವುದು ಏಳಕ್ಕೆ. ಪೂರ್ವಕ್ಕೆ ಗುಡ್ಡ ಇರುವ ಕಡೆಯಲ್ಲೆಲ್ಲ ಎಂಟರ ತನಕ ನೆರಳು. ಒದ್ದೆ ಮರಳು, ತಂಪು, ನೆರಳು ಮೂರೂ ಒಟ್ಟಿಗೆ ಸಿಗುವುದು ಈ ಮೂರು ತಿಥಿಗಳಲ್ಲೇ. 2025ರ ಜನವರಿ 13ಕ್ಕೆ ಹುಣ್ಣಿಮೆ, 14ಕ್ಕೆ ಸಂಕ್ರಾಂತಿ. ಇಷ್ಟು ಗೊತ್ತಾದ ಮೇಲೆ ನಾನು ಯಾರನ್ನೂ ಕೇಳಲಿಲ್ಲ. ಶಾಲೆಗೆ ರಜೆ ಚೀಟಿ ಬರೆದೆ, ಪಂಚಗಂಗಾ ಎಕ್ಸ್‌ಪ್ರೆಸ್‌ಗೆ ಸ್ಲೀಪರ್ ಟಿಕೆಟ್ ತೆಗೆಸಿದೆ.

ಉಡುಪಿಯಲ್ಲಿ ಒಂದು ಎಡವಟ್ಟಾಯ್ತು. ಸಂಕ್ರಾಂತಿ ರಾತ್ರಿ ಕೃಷ್ಣಮಠದಲ್ಲಿ ಮೂರು ತೇರು ಅನ್ನುವುದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಸಾವಿರದಿನ್ನೂರರ ರೂಮು ಎರಡೂವರೆ ಸಾವಿರ ಆಗಿತ್ತು. ಅತ್ತೆಗಂತೂ ಖುಷಿಯೋ ಖುಷಿ, ರಥಬೀದಿಯಲ್ಲಿ ಕೂತು ಕಣ್ತುಂಬ ನೋಡಿದರು. ಮರುದಿನವೇ ನಡಿಗೆ ಶುರುಮಾಡುವ ಯೋಜನೆ ಒಂದು ದಿನ ಮುಂದಕ್ಕೆ ಹೋಯ್ತು. ನೋಡಿದರೆ ಅದೇ ಒಳ್ಳೆಯದಾಯ್ತು, ಬಿದಿಗೆಯ ಇಳಿತ ಕತ್ತಲಲ್ಲೇ ಮುಗಿದುಹೋಗುತ್ತಿತ್ತು.

ಅದೇ ಸಂಕ್ರಾಂತಿಯ ಬೆಳಿಗ್ಗೆ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಿದ್ದೆವು. ಊರವರು ತೋನ್ಸೆಪಾರ್ ಅನ್ನುತ್ತಾರೆ. ದೊಡ್ಡವರಿಗೆ ತಲೆಗೆ ಮುನ್ನೂರೈವತ್ತರ ಹತ್ತಿರ ಕೊಟ್ಟ ನೆನಪು. ಮಳೆಗಾಲದಲ್ಲಿ ದೋಣಿ ಇಲ್ಲ, ಅದು ನಿಮಗೂ ಗೊತ್ತಿರುತ್ತದೆ. ದೋಣಿ ತುಂಬಲು ಮುಕ್ಕಾಲು ಗಂಟೆ ಕಾದೆವು. ಇಳಿಯುವಾಗ ಅತ್ತೆಗೆ ಇಬ್ಬರ ಕೈ ಬೇಕಾಯ್ತು. ಎಂಟೂಮುಕ್ಕಾಲು ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲಕ್ಕೆ ಉಕ್ಕಿದ ಲಾವಾ ತಣಿದು ಕುಗ್ಗುವಾಗ ಬಿರಿದು ಕಂಬಕಂಬವಾಗಿ ನಿಂತದ್ದು ಈ ಬಂಡೆ. ಇದನ್ನು ಮಕ್ಕಳಿಗೆ ಬಾಯಲ್ಲಿ ಹೇಳಿದರೆ ಐದು ನಿಮಿಷಕ್ಕೆ ಆಕಳಿಕೆ. ಒಂದು ಚೀಟಿ ಪೆನ್ಸಿಲ್ ಕೊಟ್ಟು, "ಪ್ರತಿ ಕಂಬಕ್ಕೆ ಎಷ್ಟು ಮೂಲೆ, ಎಣಿಸಿ" ಅಂದೆ. ಒಂದೂವರೆ ಗಂಟೆ ಇಬ್ಬರೂ ಅಲ್ಲಾಡಲಿಲ್ಲ. ಅರವತ್ತು ಕಂಬ ಎಣಿಸಿದರು. ಆರು ಮೂಲೆಯವು ಇಪ್ಪತ್ತೇಳೋ ಇಪ್ಪತ್ತೆಂಟೋ, ಐದು ಮೂಲೆಯವೂ ಹೆಚ್ಚುಕಡಿಮೆ ಅಷ್ಟೇ, ಏಳರವು ನಾಲ್ಕೈದು, ನಾಲ್ಕರವು ಒಂದೋ ಎರಡೋ. ಆರೇ ಇರಬೇಕು ಅಂತ ಪುಸ್ತಕದಲ್ಲಿ ಓದಿದ್ದ ಮಗ ಐದರ ಕಂಬಗಳನ್ನು ಮೂರು ಸಲ ಮತ್ತೆ ಎಣಿಸಿದ. ನೀವು ಹೋದರೂ ಇದನ್ನು ಮಾಡಿಸಿ.

15ಕ್ಕೆ ಬಸ್ಸಲ್ಲಿ ಕುಮಟಾ. ಉಳಿದದ್ದು ಒಂದು ಮನೆಯಲ್ಲಿ. ಆ ಮನೆ ಎಲ್ಲಿ ಅಂತ ಇಲ್ಲಿ ಬರೆಯುವುದಿಲ್ಲ, ಇರುವುದೇ ಎರಡು ಕೋಣೆ. ಅಪ್ಪೆಹುಳಿ, ಕುಚಲಕ್ಕಿ ಅನ್ನ, ಮಧ್ಯಾಹ್ನಕ್ಕೆ ಮುರುಗಲು ಶರಬತ್ತು. ಆ ರಾತ್ರಿ ಅಲೆಯಲ್ಲಿ ನೀಲಿ ಬೆಳಕು ಕಾಣುತ್ತದೆಯೇ ಅಂತ ಮಕ್ಕಳನ್ನು ದಡಕ್ಕೆ ಕರೆದೊಯ್ದೆ. ಏನೂ ಕಾಣಲಿಲ್ಲ, ಬೆಳದಿಂಗಳು ಅಷ್ಟಿತ್ತು. ಅದಕ್ಕೆ ಅಮಾವಾಸ್ಯೆಯೇ ಬೇಕು.

16, ತದಿಗೆ. ವನ್ನಳ್ಳಿಯಲ್ಲಿ ಕಾಲಿಟ್ಟಾಗ ಆರೂಮುಕ್ಕಾಲು. ನೀರು ನಲವತ್ತು ಹೆಜ್ಜೆ ಕೆಳಗಿತ್ತು. ಅದನ್ನು ನೋಡಿದ ಕ್ಷಣ ನನಗೆ ಗಂಟಲು ಕಟ್ಟಿತು. ಮರಳು ನೋಡುವ ನನ್ನ ರೀತಿ ಇದು: ಹಿಮ್ಮಡಿಯನ್ನು ಒಮ್ಮೆ ಜೋರಾಗಿ ಊರಬೇಕು. ಬೆರಳಿನ ಒಂದು ಗೆಣ್ಣಿಗಿಂತ ಕಡಿಮೆ ಇಳಿದು, ಸುತ್ತ ನೀರು ಸರಿದು ಮರಳು ಬೆಳ್ಳಗಾದರೆ ಅದು ನಡೆಯುವ ಗೆರೆ. ಎರಡು ಗೆಣ್ಣು ಇಳಿದರೆ ನೀರಿನ ಕಡೆಗೆ ಮೂರು ಹೆಜ್ಜೆ ಸರಿಯಬೇಕು. ಆ ಗೆರೆಯಲ್ಲಿ ಮಕ್ಕಳಿಗೂ ಕಿಲೋಮೀಟರಿಗೆ ಹದಿನೈದು-ಹದಿನಾರು ನಿಮಿಷ ಸಾಕಾಯ್ತು. ಒಣ ಮರಳಲ್ಲಿ ಬೇಕೆಂದೇ ಒಮ್ಮೆ ನಡೆಸಿ ನೋಡಿದೆ, ಇಪ್ಪತ್ತೈದು ದಾಟಿತು. ಶೂ, ಸ್ಯಾಂಡಲ್, ಬರಿಗಾಲು ಮೂರನ್ನೂ ಪರೀಕ್ಷೆ ಮಾಡಿದೆವು. ಒದ್ದೆ ಮರಳಿಗೆ ಬರಿಗಾಲು, ಬಂಡೆಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್. ಎರಡೂವರೆ ಸಾವಿರದ ಶೂ ಚೀಲದಲ್ಲೇ ಉಳಿಯಿತು. ಕಾಲಿಗೆ ಹಚ್ಚಿದ್ದು ಅತ್ತೆ ಕಾಸಿದ ಎಣ್ಣೆ, ಅದರಲ್ಲಿ ಏನೇನಿದೆ ಅಂತ ಹೇಳಲು ಅವರ ಒಪ್ಪಿಗೆ ಇಲ್ಲ. ಕಡ್ಲೆ ದಾಟಿ ಬಾಡಕ್ಕೆ ಒಂಬತ್ತಕ್ಕೇ ಮುಟ್ಟಿದೆವು. ಎರಡು ವರ್ಷದ ಹಿಂದೆ ಅತ್ತುಕೊಂಡು ಕೂತಿದ್ದ ಜಾಗವನ್ನು ಮಗಳೇ ಗುರುತು ಹಿಡಿದು ತೋರಿಸಿದಳು.

17 ಸಂಕಷ್ಟಿ. ಯಜಮಾನರು ಅತ್ತೆಯನ್ನು ಬಸ್ಸಿನಲ್ಲಿ ಇಡಗುಂಜಿಗೆ ಕರೆದೊಯ್ದರು. ನಾನೊಬ್ಬಳೇ ಮಕ್ಕಳಿಬ್ಬರ ಜೊತೆ ಬಾಡದಿಂದ ಕಾಗಾಲದ ಉದ್ದ ದಡದ ಮೇಲೆ ಅಘನಾಶಿನಿಯತ್ತ ಹೊರಟೆ. ಮೂರು ಬೆಳಗಿನಲ್ಲಿ ಅತಿ ಸಲೀಸಾದದ್ದು ಇದೇ. ನದಿಯ ಬಾಯಲ್ಲಿ ಇನ್ನೂ ಇಳಿತ. ಹೆಂಗಸರು ಸೊಂಟದವರೆಗಿನ ನೀರಲ್ಲಿ ನಿಂತು ಕಾಲಲ್ಲೇ ತಡಕಿ ಬೆಳಚು, ಅಂದರೆ ತಿನ್ನುವ ಚಿಪ್ಪಿ, ಹೆಕ್ಕುತ್ತಿದ್ದರು. ಕಣ್ಣಿಗೆ ಕಾಣದ್ದನ್ನು ಕಾಲ್ಬೆರಳಲ್ಲಿ ಹಿಡಿದು, ಮುಳುಗಿ, ಬುಟ್ಟಿಗೆ ಹಾಕುವುದು. ಮಗಳು ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ. ಅಣೆಕಟ್ಟು ಇಲ್ಲದ ನದಿ ಅದು. 2024ರಲ್ಲಿ ಈ ಅಳಿವೆಗೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಈ ಹೆಂಗಸರ ಕೆಲಸ ಉಳಿಯಲಿ ಅಂತ ಮನಸಾರೆ ಹಾರೈಸುತ್ತೇನೆ. ಬಾರ್ಜಿನಲ್ಲಿ ಹೊಳೆ ದಾಟಿ ತದಡಿ, ಮೂವರಿಗೂ ಸೇರಿ ಐವತ್ತು ರೂಪಾಯಿ ಒಳಗೇ. ಅಲ್ಲಿಂದ ಬಸ್ಸಿನಲ್ಲಿ ವಾಪಸ್.

18ರದ್ದು ಕಷ್ಟದ ದಾರಿ, ಅದಕ್ಕೇ ದೊಡ್ಡವರಿಬ್ಬರೂ ಮಕ್ಕಳ ಜೊತೆ. ಮನೆಯವರ ಪರಿಚಯದ ಆಟೋ ಐದೂವರೆಗೆ ಬಂತು. ನಾಲ್ವರನ್ನು ತದಡಿ ಹತ್ತಿರದ ಬೇಲೆಕಾನಿನಲ್ಲಿ ಇಳಿಸಿ, ಅತ್ತೆಯನ್ನೂ ಸಾಮಾನನ್ನೂ ಗೋಕರ್ಣದ ರೂಮಿಗೆ ಮುಟ್ಟಿಸಿತು. ಸಾವಿರದಿನ್ನೂರು ಕೊಟ್ಟೆ, ಇಡೀ ಪ್ರವಾಸದಲ್ಲಿ ಅದಕ್ಕಿಂತ ಸಾರ್ಥಕವಾದ ಖರ್ಚು ಇಲ್ಲ. ಪ್ಯಾರಡೈಸ್, ಹಾಫ್ ಮೂನ್ ಬೀಚುಗಳ ನಡುವೆ ಬಂಡೆ ಮೇಲೆ ಮಗನ ಕಾಲು ಜಾರಿ ಮೊಣಕೈ ತರಚಿತು. ನೀರು ಕೆಳಗಿದ್ದದ್ದಕ್ಕೆ ತರಚಿದ್ದರಲ್ಲೇ ಮುಗಿಯಿತು. ಉಬ್ಬರದಲ್ಲಿ ಅಲೆ ಆ ಬಂಡೆಗೇ ಬಡಿಯುತ್ತದೆ. ಈ ತುಂಡಿನಲ್ಲಿ ಒಬ್ಬ ಮಗುವಿಗೆ ಒಬ್ಬ ದೊಡ್ಡವರು ಇರಲೇಬೇಕು. ನೀರಿಗೆ ಇಳಿಯುವುದು ಎಲ್ಲೂ ಇಲ್ಲ, ಮೊಣಕಾಲಿನ ತನಕ ಮಾತ್ರ. ಓಂ ಬೀಚಿನಲ್ಲಿ ಎಳನೀರು, ಅವಲಕ್ಕಿ, ಒಂದು ಗಂಟೆ ವಿಶ್ರಾಂತಿ. ಕುಡ್ಲೆಯ ಮೇಲಿನ ಕೆಂಪುಕಲ್ಲಿನ ಬಯಲಿಗೆ ಬಂದಾಗ ಹನ್ನೊಂದು, ಅಲ್ಲಿ ಬಿಸಿಲು ಸುಟ್ಟಿತು. ಇಡೀ ದಾರಿಯಲ್ಲಿ ನನ್ನ ಲೆಕ್ಕ ತಪ್ಪಿದ್ದು ಅಷ್ಟೇ. ಬೇಲೆಕಾನಿನಿಂದ ಇನ್ನೂ ಅರ್ಧ ಗಂಟೆ ಮುಂಚೆ ಬಿಡಬೇಕಿತ್ತು. ರಾಮತೀರ್ಥದ ಹತ್ತಿರ ಇಳಿದಾಗ ಅತ್ತೆ ಮಹಾಬಲೇಶ್ವರನ ದರ್ಶನ ಮುಗಿಸಿ ಬಂದು ಕಾದಿದ್ದರು. "ಎಲ್ಲಾ ನಡೆದೇ ಬಂದ್ರಾ?" ಅಂತ ಎರಡೆರಡು ಸಲ ಕೇಳಿ, ಮಗನ ಮೊಣಕೈಯನ್ನು ತೀರ್ಥದ ನೀರಲ್ಲಿ ತೊಳೆದರು.

ಐವರಿಗೆ, ಐದು ದಿನಕ್ಕೆ, ರೈಲು, ರೂಮು, ಊಟ, ದೋಣಿ, ಆಟೋ ಎಲ್ಲ ಸೇರಿ ಇಪ್ಪತ್ತೆರಡೋ ಇಪ್ಪತ್ತಮೂರೋ ಸಾವಿರ. ಮೊದಲ ಸಲ ಅಷ್ಟನ್ನೂ ಕಾರೊಂದೇ ನುಂಗಿತ್ತು. ಮುಂದಿನ ಸಲ ಅಮಾವಾಸ್ಯೆ ಹಿಡಿದು ಹೋಗ್ತೀವಿ. ಇಳಿತ ಅದೇ ಹೊತ್ತಿಗೆ ಸಿಗುತ್ತದೆ, ರಾತ್ರಿ ಕತ್ತಲೂ ಇರುತ್ತದೆ. ಮೈದುನನ ಮನೆಯವರೂ ಬರ್ತಾರಂತೆ, ದಿನ ಗೊತ್ತುಮಾಡಲು ಅತ್ತೆ ಪಂಚಾಂಗ ತೆರೆದು ಕೂತಿದ್ದಾರೆ.