ಮಲೆನಾಡಿನಿಂದ ಶಿಲಾಗ್ರಹಗಳನ್ನು ನೋಡುವ ಬಗೆ

ಸೌರವ್ಯೂಹದ ನಾಲ್ಕು ಶಿಲಾಗ್ರಹಗಳಲ್ಲಿ ಒಂದರ ಮೇಲೆ ನಾವೇ ನಿಂತಿರುವುದರಿಂದ ಆಕಾಶದಲ್ಲಿ ಹುಡುಕಬೇಕಾದವು ಬುಧ, ಶುಕ್ರ, ಮಂಗಳ ಮೂರೇ. ಮೂರೂ ಬರಿಗಣ್ಣಿಗೆ ಕಾಣುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಇವುಗಳ ಆಸೆ ಬಿಡುವುದೇ ಲೇಸು. ನವೆಂಬರ್ ಕೊನೆಯಿಂದ ಮಾರ್ಚ್‌ವರೆಗಿನ ರಾತ್ರಿಗಳು ಕೆಲಸಕ್ಕೆ ಬರುತ್ತವೆ.

ಮೊದಲು ಸ್ಥಳ ಗೊತ್ತುಮಾಡಿಕೊಳ್ಳಬೇಕು. ಕಣಿವೆಯ ತಳದಲ್ಲಿರುವ ತೋಟದ ಮನೆಯ ಅಂಗಳದಿಂದ ಮಂಗಳ ಕಂಡೀತು, ಬುಧ ಕಾಣುವುದು ಕಷ್ಟ. ಏಕೆಂದರೆ ಬುಧನು ಸೂರ್ಯನಿಂದ ಅತಿ ಹೆಚ್ಚೆಂದರೆ 18ರಿಂದ 28 ಡಿಗ್ರಿಗಳಷ್ಟೇ ದೂರ ಸರಿಯುತ್ತಾನೆ. ಆಕಾಶ ಸಾಕಷ್ಟು ಕಪ್ಪಾಗುವ ಹೊತ್ತಿಗೆ ದಿಗಂತದಿಂದ ಸುಮಾರು 10 ಡಿಗ್ರಿ ಎತ್ತರದಲ್ಲಿ ಉಳಿದಿರುತ್ತಾನೆ. ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಹೆಚ್ಚುಕಡಿಮೆ 10 ಡಿಗ್ರಿ. ಪಶ್ಚಿಮದ ಗುಡ್ಡವೋ ಮರದ ಸಾಲೋ ಮುಷ್ಟಿಯಷ್ಟು ಎತ್ತರವಿದ್ದರೆ ಬೇರೆ ಜಾಗ ನೋಡಿ: ಮರವಿಲ್ಲದ ಎತ್ತರದ ಬ್ಯಾಣ (ಹುಲ್ಲುಗಾವಲು), ಆಗುಂಬೆಯ ಘಟ್ಟದಂಚು, ಅಥವಾ ಶರಾವತಿ ಹಿನ್ನೀರಿನ ಪೂರ್ವ ದಂಡೆ. ನಮ್ಮ ಅಕ್ಷಾಂಶ ಸುಮಾರು 14 ಡಿಗ್ರಿ ಉತ್ತರ ಇರುವುದರಿಂದ ಫೆಬ್ರುವರಿ–ಮಾರ್ಚ್ ಸಂಜೆಗಳಲ್ಲಿ ಗ್ರಹಗಳ ಹಾದಿ ದಿಗಂತಕ್ಕೆ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ. ಬುಧನನ್ನು ನೋಡುವುದರಲ್ಲಿ ಯುರೋಪಿನವರಿಗಿಂತ ನಾವು ಅದೃಷ್ಟವಂತರು. 2027ರ ಫೆಬ್ರುವರಿ ಮೊದಲ ವಾರ ಇಂಥದೊಂದು ಅವಕಾಶ. ಸೂರ್ಯ ಸಂಪೂರ್ಣವಾಗಿ ಮುಳುಗುವವರೆಗೆ ಬೈನಾಕ್ಯುಲರ್ ಕಣ್ಣಿಗೆ ಹಚ್ಚಲೇಬಾರದು. ಕಣ್ಣು ಶಾಶ್ವತವಾಗಿ ಹೋಗಬಹುದು.

ಬುಧನ ನೆಲದ ವಿವರ ಮನೆಯ ದೂರದರ್ಶಕಕ್ಕೆ ಸಿಗುವುದಿಲ್ಲ. ಆದರೂ ನೋಡುತ್ತಿರುವುದೇನೆಂದು ತಿಳಿದಿರಲಿ: 4,880 ಕಿ.ಮೀ. ವ್ಯಾಸದ ಈ ಗ್ರಹದ ತ್ರಿಜ್ಯದಲ್ಲಿ ಸುಮಾರು ಶೇ. 85ರಷ್ಟು ಕಬ್ಬಿಣ ತುಂಬಿದ ಒಳತಿರುಳೇ. ಸುಮಾರು 456 ಕೋಟಿ ವರ್ಷಗಳ ಹಿಂದೆ ಎಳೆಯ ಸೂರ್ಯನ ಸುತ್ತಲಿನ ದೂಳು ಕೂಡಿಕೊಂಡು ಗ್ರಹಗಳಾಗುವಾಗ, ಒಳವಲಯದ ಬಿಸಿಗೆ ಹಿಮ ಕಟ್ಟಲಾರದೆ ಕಲ್ಲು ಮತ್ತು ಲೋಹಗಳಷ್ಟೇ ಉಳಿದವು. ಶಿವಮೊಗ್ಗ ಸೀಮೆಯಲ್ಲಿ ಕಾಲ ಕೆಳಗೆ ಸಿಗುವ, ಬಿಸಿ–ಒತ್ತಡಕ್ಕೆ ಸಿಕ್ಕಿ ಪಟ್ಟೆಪಟ್ಟೆಯಾದ ನೈಸ್ ಶಿಲೆಗಳೇ ಸುಮಾರು 300 ಕೋಟಿ ವರ್ಷ ಹಳೆಯವು.

ಶುಕ್ರನನ್ನು ಕತ್ತಲಾದ ಮೇಲೆ ನೋಡುವುದು ತಪ್ಪು ಪದ್ಧತಿ. ಪ್ರಖರತೆಯಿಂದ ಬಿಂಬದ ಅಂಚು ಕದಡಿಹೋಗುತ್ತದೆ. ಆಕಾಶದಲ್ಲಿ ಇನ್ನೂ ಬೆಳಕಿರುವಾಗಲೇ ನೋಡಿದರೆ, ಚಂದ್ರನಂತೆ ಹಿಗ್ಗಿ ಕುಗ್ಗುವ ಅದರ ಬಿಂಬದ ಆಕಾರ ಸ್ಪಷ್ಟ. 2027ರ ಜನವರಿ ಆರಂಭದ ಮುಂಜಾನೆಗಳಲ್ಲಿ ಅದು ಪೂರ್ವದಲ್ಲಿ, ದೂರದರ್ಶಕಕ್ಕೆ ಅರ್ಧಬಿಂಬವಾಗಿ ಕಾಣುತ್ತದೆ. ಮೋಡದ ಹೊದಿಕೆಯಡಿಯ, ಲಾವಾ ಗಟ್ಟಿಯಾಗಿ ಆದ ಬಸಾಲ್ಟ್ ಶಿಲೆಯ ನೆಲ 460 ಡಿಗ್ರಿ ಸೆಲ್ಸಿಯಸ್ ಮೀರಿ ಕಾದಿದೆ.

ಶಿಲಾಗ್ರಹವೊಂದರ ಭೂವಿಜ್ಞಾನ ಕಣ್ಣಿಗೆ ನೇರವಾಗಿ ಸಿಗುವುದು ಮಂಗಳದಲ್ಲಿ ಮಾತ್ರ. ಹೆಚ್ಚಿನ ಸಮಯವನ್ನು ಅದಕ್ಕೇ ಮೀಸಲಿಡಿ. ಸುಮಾರು 26 ತಿಂಗಳಿಗೊಮ್ಮೆ ಅದು ಸೂರ್ಯನಿಗೆ ಎದುರಾಗಿ ನಮಗೆ ಹತ್ತಿರ ಬರುತ್ತದೆ. ಮುಂದಿನದು 2027ರ ಫೆಬ್ರುವರಿ 19ರಂದು, ಸಿಂಹ ರಾಶಿಯಲ್ಲಿ, ಸುಮಾರು 10 ಕೋಟಿ ಕಿ.ಮೀ. ದೂರದಲ್ಲಿ. ಅದರ ಕೆಂಪಿಗೂ ಸಾಗರ–ತೀರ್ಥಹಳ್ಳಿಯ ಜಂಬಿಟ್ಟಿಗೆಯ ಕೆಂಪಿಗೂ ಕಾರಣ ಕಬ್ಬಿಣದ ಆಕ್ಸೈಡುಗಳೇ, ಆದರೆ ನಮ್ಮಲ್ಲಿ ಮಳೆ ಉಳಿದ ಖನಿಜಗಳನ್ನು ತೊಳೆದು ಕಬ್ಬಿಣವನ್ನು ಬಿಟ್ಟುಹೋಗಿದ್ದರೆ, ಅಲ್ಲಿ ಗಾಳಿಗೆ ಹಾರುವ ದೂಳು ನೆಲವನ್ನು ಮುಚ್ಚಿದೆ. ದೂಳು ಸರಿದಲ್ಲಿ ಕಪ್ಪು ಬಸಾಲ್ಟ್ ಕಾಣುತ್ತದೆ. 1659ರಲ್ಲಿ ಡಚ್ ಖಗೋಳವಿಜ್ಞಾನಿ ಹೈಗನ್ಸ್ ಚಿತ್ರಿಸಿದ ಸಿರ್ಟಿಸ್ ಮೇಜರ್ ಎಂಬ ತ್ರಿಕೋನಾಕಾರದ ಕಲೆ ಅಂಥದ್ದು.

6 ಇಂಚು ಬಾಯಗಲದ ದೂರದರ್ಶಕ, 150 ಪಟ್ಟು ವರ್ಧನೆ ಇದಕ್ಕೆ ಸಾಕು. ಹಗಲಿಡೀ ಕಾದ ಕಾಂಕ್ರೀಟ್ ತಾರಸಿಯ ಬಿಸಿಗಾಳಿ ಬಿಂಬವನ್ನು ಕುಣಿಸುತ್ತದೆ, ಆದ್ದರಿಂದ ಹುಲ್ಲಿನ ಮೇಲೆ ನಿಲ್ಲಿಸಿ, ಅರ್ಧ ಗಂಟೆ ಮೊದಲೇ ಹೊರಗಿಟ್ಟು ತಣಿಯಲು ಬಿಡಿ. ನಮ್ಮ ಚಳಿಗಾಲದ ಇಬ್ಬನಿ ಮಸೂರವನ್ನು ಬೇಗ ಮಂಜಾಗಿಸುತ್ತದೆ; ಕೊಳವೆಯ ಬಾಯಿಯ ಸುತ್ತ, ಮುಂದಕ್ಕೆ ಚಾಚುವಂತೆ ದಪ್ಪ ಕಾಗದದ ಸುರುಳಿ ಕಟ್ಟಿರಿ; ಬಟ್ಟೆಯಿಂದ ಒರೆಸಲೇಬೇಡಿ. ಗಾಳಿ ನಿಶ್ಚಲವಾಗುವ ಗಳಿಗೆಗಾಗಿ ಕಣ್ಣು ತೆಗೆಯದೆ ಕಾದು, ಕಂಡ ಕಲೆಗಳನ್ನು ಕಾಗದದ ಮೇಲಿನ ವೃತ್ತದಲ್ಲಿ ಸಮಯದೊಡನೆ ಗುರುತಿಸಿ. ಮಂಗಳದ ದಿನ ನಮ್ಮದಕ್ಕಿಂತ ಸುಮಾರು 40 ನಿಮಿಷ ಉದ್ದವಿರುವುದರಿಂದ, ಮರುರಾತ್ರಿ ಅದೇ ಮುಖ ಬೇಕೆಂದರೆ ಅಷ್ಟೇ ತಡವಾಗಿ ನೋಡಬೇಕು.