ಆರುನೂರು ರೂಪಾಯಿಯ ಸಂತೆ: ನೂರು ನೂರಾಗಿ ಲೆಕ್ಕ ಹಾಕುವುದು ಹೇಗೆ?

ಕಾರವಾರದ ಭಾನುವಾರದ ಸಂತೆಗೆ ಹೋದರೆ ದುಡ್ಡು ಉಳಿಯುವುದಿಲ್ಲ ಅನ್ನುವುದು ಹಳೆಯ ದೂರು. ಖರ್ಚಾಗಲಿ ಬಿಡಿ, ಅದಕ್ಕೇ ಅಲ್ವಾ ಹೋಗುವುದು? ಆದರೆ ಅದೇ ದುಡ್ಡಿಗೆ ಇನ್ನೂ ಸ್ವಲ್ಪ ಜಾಸ್ತಿ ಖುಷಿ ಸಿಗುತ್ತಿತ್ತೇ? ಇದನ್ನು ನೋಡಲು ಅರ್ಥಶಾಸ್ತ್ರದಲ್ಲಿ ಒಂದು ಲೆಕ್ಕ ಇದೆ. ಜರ್ಮನಿಯ ಅರ್ಥಶಾಸ್ತ್ರಜ್ಞ ಗೊಸ್ಸೆನ್ 1854ರಲ್ಲೇ ಅದನ್ನು ಬರೆದಿಟ್ಟ. ಆಗ ಯಾರೂ ತಿರುಗಿ ನೋಡಲಿಲ್ಲ. ಪಿಯುಸಿಯಲ್ಲಿ ಅರ್ಥಶಾಸ್ತ್ರ ಓದಿದವರಿಗೆ ಸಮಸೀಮಾಂತ ತುಷ್ಟಿಗುಣ ನಿಯಮ ಎಂಬ ಉದ್ದದ ಹೆಸರು ನೆನಪಿರಬಹುದು. ಹೆಸರಿಗೆ ಹೆದರಬೇಡಿ: ತುಷ್ಟಿಗುಣ ಅಂದರೆ ಸಾಮಾನಿನಿಂದ ಸಿಗುವ ಖುಷಿ, ಸೀಮಾಂತ ಅಂದರೆ ಕೊನೆಯದಾಗಿ ಕೊಂಡ ಭಾಗದ್ದು.

ಮೊದಲು ಬಜೆಟ್

ಅಕ್ಕಿ, ಗ್ಯಾಸು, ಕರೆಂಟ್ ಬಿಲ್ಲಿನ ದುಡ್ಡು ಬೇರೆ ಇಡಿ. ಬಸ್ಸಿನ ಖರ್ಚನ್ನೂ ತೆಗೆದಿಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಹಾಗಾಗಿ ಮನೆಯಿಂದ ಯಾರು ಸಂತೆಗೆ ಹೋಗುತ್ತಾರೆ ಅನ್ನುವುದರ ಮೇಲೂ ಬಜೆಟ್ ಹಿಗ್ಗುತ್ತದೆ, ಕುಗ್ಗುತ್ತದೆ. ಎಲ್ಲ ಕಳೆದು ಕೈಯಲ್ಲಿ ಆರುನೂರು ರೂಪಾಯಿ ಉಳಿಯಿತು ಅನ್ನೋಣ. ಅದನ್ನು ನೂರರ ಆರು ನೋಟು ಮಾಡಿಕೊಳ್ಳಿ.

ಮುಂದಿನ ನೂರಕ್ಕೆ ಅಂಕ ಕೊಡಿ

ಎಲ್ಲರೂ ಎಡವುವುದು ಇಲ್ಲೇ. 'ಮೀನು ಮುಖ್ಯವೋ ತರಕಾರಿ ಮುಖ್ಯವೋ' ಎಂದು ಕೇಳಿದರೆ ಜಗಳ ಮುಗಿಯುವುದಿಲ್ಲ. ಕೇಳಬೇಕಾದದ್ದು: ಈಗಾಗಲೇ ಚೀಲದಲ್ಲಿ ಇರುವುದನ್ನು ನೋಡಿದರೆ, ಮುಂದಿನ ನೂರು ರೂಪಾಯಿಯ ಬಂಗಡೆಯಿಂದ ಎಷ್ಟು ಖುಷಿ? ಮೊದಲ ನೂರರ ಬಂಗಡೆ ಮಧ್ಯಾಹ್ನದ ಸಾರಿಗೆ ಬೇಕೇ ಬೇಕು. ಎರಡನೆಯ ನೂರರದ್ದು ಫ್ರೈಗೆ ಆಯಿತು. ಮೂರನೆಯದು ಫ್ರಿಜ್ಜಿಗೆ ಹೋಗುತ್ತದೆ, ಬುಧವಾರದ ಹೊತ್ತಿಗೆ ಮನೆಯವರು ಮೂಗು ಮುರಿಯುತ್ತಾರೆ. ಪುಸ್ತಕದಲ್ಲಿ ಇದಕ್ಕೇ ಇಳಿಮುಖ ಸೀಮಾಂತ ತುಷ್ಟಿಗುಣ ಅನ್ನುತ್ತಾರೆ.

ಮೇ ತಿಂಗಳ ಒಂದು ಭಾನುವಾರಕ್ಕೆ ಹೀಗೆ ಬರೆದುಕೊಂಡಿರಿ ಅನ್ನೋಣ. ಒಂದನೇ, ಎರಡನೇ, ಮೂರನೇ ನೂರಕ್ಕೆ ಸಿಗುವ ಅಂಕಗಳು ಇವು:

ಬಂಗಡೆ: 50, 32, 14
ತರಕಾರಿ (ಹರಿವೆ, ಬಸಳೆ, ಮೊಗೆಕಾಯಿ ಎಲ್ಲ ಸೇರಿ): 44, 30, 18
ಅಂಕೋಲೆಯ ಕರಿ ಇಶಾಡ ಮಾವು: 36, 16, 6

ಮಾವಿಗೆ ಇಷ್ಟು ಕಡಿಮೆ ಅಂಕವೇ ಎಂದು ಅಂಕೋಲೆಯವರು ಬೈಯಬಹುದು. 2023ರಲ್ಲಿ ಜಿಐ ಟ್ಯಾಗ್ (ಒಂದು ಊರಿನ ವಿಶೇಷ ಸಾಮಾನಿಗೆ ಕೊಡುವ ಗುರುತು) ಬೇರೆ ಸಿಕ್ಕಿದೆ. ಆದರೆ ಅಂಕ ನಿಮ್ಮ ಮನೆಯದು, ಟ್ಯಾಗಿನದ್ದಲ್ಲ.

ದೊಡ್ಡ ಅಂಕದ ಕಡೆಗೆ ಒಂದೊಂದೇ ನೋಟು

ಮೊದಲ ನೋಟು 50 ಅಂಕದ ಬಂಗಡೆಗೆ. ಎರಡನೆಯದು ತರಕಾರಿಗೆ, 44. ಮೂರನೆಯದು ಮಾವಿಗೆ, 36. ನಂತರ ಮತ್ತೆ ಬಂಗಡೆ 32, ತರಕಾರಿ 30. ಕೊನೆಯ ನೋಟೂ ತರಕಾರಿಗೇ, 18. ಒಟ್ಟು 210. ಮೂರಕ್ಕೂ ಸಮನಾಗಿ ಇನ್ನೂರಿನ್ನೂರು ಹಂಚಿದ್ದರೆ 208 ಸಿಗುತ್ತಿತ್ತು. ಮಾವು ಬಿಟ್ಟು ಮೀನಿಗೆ ಮುನ್ನೂರು, ತರಕಾರಿಗೆ ಮುನ್ನೂರು ಹಾಕಿದ್ದರೆ ಬರೀ 188.

ಎಲ್ಲ ವಸ್ತುವಿನ ಕೊನೆಯ ರೂಪಾಯಿಯಿಂದಲೂ ಒಂದೇ ಅಳತೆಯ ತೃಪ್ತಿ ಸಿಗಬೇಕು ಎನ್ನುತ್ತದೆ ಪುಸ್ತಕ. ನಮ್ಮ ಪಟ್ಟಿಯಲ್ಲಿ ಕೊನೆಯ ಅಂಕಗಳು 32, 18, 36. ಸಮ ಎಲ್ಲಿದೆ? ನೂರು ನೂರಾಗಿ ಕೊಂಡರೆ ಸಮ ಆಗುವುದು ಅಪರೂಪ. ಅದರ ಬದಲು ಅದಲುಬದಲಿನ ಪರೀಕ್ಷೆ ಮಾಡಿ. ಕೊನೆಯ ತರಕಾರಿಯ ನೂರನ್ನು ವಾಪಸ್ ತೆಗೆದು ಮಾವಿಗೆ ಹಾಕಿದರೆ 18 ಹೋಗಿ 16 ಬರುತ್ತದೆ. ಬಂಗಡೆಗೆ ಹಾಕಿದರೆ 14. ಯಾವ ಅದಲುಬದಲೂ ಲಾಭ ಕೊಡದಿದ್ದರೆ ನಿಮ್ಮ ಚೀಲ ಸರಿಯಾಗಿದೆ.

ಇಷ್ಟೊಂದು ನಿಖರವಾಗಿ ಖುಷಿ ಅಳೆಯುವುದು ಸುಳ್ಳಲ್ವಾ? ಹೌದು, ಅರ್ಧ ಸುಳ್ಳು. ಹಿಕ್ಸ್ ಮತ್ತು ಅಲೆನ್ ಎಂಬ ಅರ್ಥಶಾಸ್ತ್ರಜ್ಞರು 1934ರಲ್ಲಿ ಹೇಳಿದ್ದೂ ಇದನ್ನೇ: ಅಂಕ ಬೇಡ, ಎರಡರಲ್ಲಿ ಯಾವುದು ಹೆಚ್ಚು ಇಷ್ಟ ಎಂದು ಹೇಳಲು ಬಂದರೆ ಸಾಕು. ಸಂತೆಯಲ್ಲಿ ನಿಂತು ಇನ್ನೊಂದು ನೂರರ ಬಸಳೆಯೋ ಮಾವೋ ಎಂದು ಮನಸ್ಸಿಗೆ ಕೇಳಿಕೊಳ್ಳಿ. ಉತ್ತರ ಬರುತ್ತದೆ.

ಬೆಲೆಯಿಂದ ಭಾಗಿಸಿ

ಇಸವಾಣ ಮೀನು ಬಂಗಡೆಗಿಂತ ರುಚಿ ಎನ್ನುವವರೇ ಜಾಸ್ತಿ. ನಾನೂರು ರೂಪಾಯಿಯ ಇಸವಾಣಕ್ಕೆ 80 ಅಂಕ ಕೊಟ್ಟಿರಿ ಅನ್ನೋಣ. 50ಕ್ಕಿಂತ 80 ದೊಡ್ಡದು, ನಿಜ. ಆದರೆ ನೂರಕ್ಕೆ ಬಿದ್ದದ್ದು 20 ಅಂಕ ಮಾತ್ರ. ಇನ್ನೂರರ ಬಂಗಡೆಯೇ 82 ಕೊಡುತ್ತದೆ, ಮೇಲೆ ಇನ್ನೂರು ಉಳಿಯುತ್ತದೆ. ಅಳಿಯ ಊಟಕ್ಕೆ ಬರುವ ದಿನ ಇಸವಾಣದ ಅಂಕ ಇನ್ನೂರಕ್ಕೂ ಏರಬಹುದು, ಅದು ಬೇರೆ ಮಾತು.

ಬೆಲೆ ಬದಲಾದರೆ ಪಟ್ಟಿಯೂ ಬದಲು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬಂಗಡೆ ದುಪ್ಪಟ್ಟಾಯಿತು ಅನ್ನೋಣ. ಮೊದಲು ನೂರಕ್ಕೆ ಸಿಗುತ್ತಿದ್ದ 50 ಅಂಕಕ್ಕೆ ಈಗ ಇನ್ನೂರು ಕೊಡಬೇಕು. ಮೊದಲ ನೂರಕ್ಕೆ 28, ಎರಡನೆಯದಕ್ಕೆ 22. ಆಗ 26 ಅಂಕದ ಒಣ ಮೀನು ಕಣ್ಣಿಗೆ ಬೀಳುತ್ತದೆ, ಮೀನಿನ ಎರಡನೇ ನೂರು ಅತ್ತ ಹೋಗುತ್ತದೆ. ಮಳೆಗಾಲಕ್ಕೆ ಮೊದಲೇ ಒಣ ಮೀನು ಕಟ್ಟಿಡುವ ಅಜ್ಜಿಯರಿಗೆ ಈ ನಿಯಮ ಯಾರೂ ಕಲಿಸಿರಲಿಲ್ಲ. ಒಂದು ಎಚ್ಚರ: ಒಣ ಮೀನು ಚೀಲಕ್ಕೆ ಬಿದ್ದ ಮೇಲೆ ಹಸಿ ಮೀನಿನ ಅಂಕವೂ ಸ್ವಲ್ಪ ಇಳಿಯುತ್ತದೆ. ಒಂದರ ಬದಲು ಒಂದು ನಡೆಯುವ ಸಾಮಾನುಗಳಿಗೆ ಒಂದನ್ನೊಂದು ಬಿಟ್ಟು ಅಂಕ ಕೊಡಬೇಡಿ, ಎರಡನ್ನೂ ಒಟ್ಟಿಗೆ ನೋಡಿ ಕೊಡಿ.

ಸಂಜೆ ಅಂಗಡಿ ಕಟ್ಟುವ ಹೊತ್ತಿಗೆ ಸೊಪ್ಪಿನ ಬೆಲೆ ಇಳಿದರೂ ಇದೇ ಲೆಕ್ಕ. ಅರ್ಧ ಬೆಲೆ ಅನ್ನುವ ಒಂದೇ ಕಾರಣಕ್ಕೆ ನಾಲ್ಕನೇ ಕಟ್ಟು ತರಬೇಡಿ. ಆ ಕಟ್ಟಿನ ಅಂಕ ಅರ್ಧಕ್ಕಿಂತ ಕೆಳಗೆ ಹೋಗಿರಬಹುದು.

ಶನಿವಾರ ಒಮ್ಮೆ ಅಡುಗೆಮನೆ ನೋಡಿ. ಬಾಡಿ ಬಿದ್ದಿರುವ ಸಾಮಾನಿನ ಕೊನೆಯ ನೂರಕ್ಕೆ ನೀವು ಅಂಕ ಜಾಸ್ತಿ ಕೊಟ್ಟಿದ್ದಿರಿ. ಮಂಗಳವಾರಕ್ಕೇ ಖಾಲಿಯಾದದ್ದಕ್ಕೆ ಕಡಿಮೆ ಕೊಟ್ಟಿದ್ದಿರಿ. ಅಷ್ಟನ್ನು ತಿದ್ದಿಕೊಂಡು ಭಾನುವಾರ ಚೀಲ ಹಿಡಿಯಿರಿ.